ಕಿಣ್ವ ದುಡಿದಲ್ಲಿ ಬಣ್ಣ

— ನಮ್ಮ ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಟೆಟ್ರಜೋಲಿಯಂ ಬಳಸುತ್ತೇವೆ. ನೀವು ನಿಮ್ಮ ಬಯಾಪ್ಸಿ ಲ್ಯಾಬಿನಲ್ಲಿ ಮನುಷ್ಯರ ಸ್ನಾಯುವಿಗೂ ಅದನ್ನೇ ಬಳಸುತ್ತೀರಂತೆ. ಮೆಕ್ಕೆಜೋಳದ ಕಾಳಿಗೂ ತೊಡೆಯ ಮಾಂಸಕ್ಕೂ ಒಂದೇ ಪರೀಕ್ಷೆ ಹೇಗಾದೀತು?

— ನಿಮ್ಮದು ಹೇಗೆ ಮಾಡುತ್ತೀರಿ, ಮೊದಲು ಅದನ್ನು ಹೇಳಿ.

— ಕಾಳನ್ನು ರಾತ್ರಿಯಿಡೀ ನೆನೆಹಾಕುತ್ತೇವೆ. ಬೆಳಿಗ್ಗೆ ಭ್ರೂಣ ಕಾಣುವ ಹಾಗೆ ಉದ್ದಕ್ಕೆ ಸೀಳಿ, ಒಂದು ಹೋಳನ್ನು ಟೆಟ್ರಜೋಲಿಯಂ ದ್ರಾವಣದಲ್ಲಿ ಕತ್ತಲಲ್ಲಿ ಬೆಚ್ಚಗೆ ಇಡುತ್ತೇವೆ. ದ್ರಾವಣಕ್ಕೆ ಬಣ್ಣವಿಲ್ಲ. ಕೆಲವು ಗಂಟೆ ಕಳೆದರೆ ಜೀವವಿರುವ ಭ್ರೂಣ ಕೆಂಪಾಗುತ್ತದೆ, ಸತ್ತದ್ದು ಬೆಳ್ಳಗೇ ಉಳಿಯುತ್ತದೆ. ಮೊಳಕೆ ಬರಲಿ ಎಂದು ದಿನಗಟ್ಟಲೆ ಕಾಯಬೇಕಿಲ್ಲ. ಹೋಲಿಕೆಗೆಂದು ಬೇಯಿಸಿದ ಕಾಳನ್ನೂ ಇಡುತ್ತೇವೆ. ಅದು ಎಷ್ಟು ಹೊತ್ತಾದರೂ ಕೆಂಪಾಗುವುದಿಲ್ಲ.

— ಆ ಬೇಯಿಸಿದ ಕಾಳಿನಲ್ಲೇ ನಮ್ಮ ಇಡೀ ವಿದ್ಯೆ ಅಡಗಿದೆ. ಭ್ರೂಣವನ್ನು ಕೆಂಪಾಗಿಸುವುದು ಅದರೊಳಗಿನ ಕಿಣ್ವ. ಬೇಯಿಸಿದ್ದರಿಂದ ಆ ಕಿಣ್ವದ ಅಣು ಎಲ್ಲಿಗೂ ಹೋಗಿಲ್ಲ. ಅದರ ಮಡಿಕೆ ಕೆಟ್ಟು ಕೆಲಸ ನಿಂತಿದೆ, ಅಷ್ಟೆ. ಕೆಲಸ ನಿಂತ ಕೂಡಲೇ ಬಣ್ಣವೂ ಇಲ್ಲ. ಪೆಥಾಲಜಿ ಲ್ಯಾಬುಗಳಲ್ಲಿ ದಿನವೂ ಬಳಸುವ ಹೆಮಟಾಕ್ಸಿಲಿನ್, ಇಯೋಸಿನ್ ಬಣ್ಣಗಳಿವೆಯಲ್ಲ, ಅವನ್ನು ಹೊರಗಿನಿಂದ ಹಚ್ಚುವುದು. ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ಇದ್ದ ಅಂಗಾಂಶಕ್ಕೂ ಅವು ಹಿಡಿಯುತ್ತವೆ. ನಾವು ಕಿಣ್ವಕ್ಕೆ ಅದು ಒಗ್ಗಿಕೊಂಡ ಪದಾರ್ಥವನ್ನು, ಎಂದರೆ ಸಬ್‌ಸ್ಟ್ರೇಟನ್ನು ಕೊಟ್ಟು, ದುಡಿಯಲು ಬೇಕಾದ ಶಾಖವನ್ನೂ ಬಫರನ್ನೂ ಒದಗಿಸಿ ಕಾಯುತ್ತೇವೆ. ದುಡಿದರೆ ಅದು ಇರುವ ಜಾಗದಲ್ಲೇ ಬಣ್ಣ ಹುಟ್ಟುತ್ತದೆ.

— ಹುಟ್ಟಿದ ಬಣ್ಣ ದ್ರಾವಣದಲ್ಲಿ ಹರಡಿ ಹೋಗುವುದಿಲ್ಲವೇ? ಕಾಳು ದೊಡ್ಡದು, ಸ್ವಲ್ಪ ಹರಡಿದರೂ ನಮಗೆ ನಡೆಯುತ್ತದೆ. ನೀವು ನೋಡುವುದು ಒಂದೊಂದು ಜೀವಕೋಶ.

— ಆ ಕಷ್ಟವನ್ನು 1939ರಲ್ಲಿ ಇಬ್ಬರು ಬಗೆಹರಿಸಿದರು. ಷಿಕಾಗೋದಲ್ಲಿದ್ದ ಹಂಗೇರಿ ಮೂಲದ ಜಾರ್ಜ್ ಗೊಮೊರಿ ಒಬ್ಬರು, ಜಪಾನಿನ ತಕಮಾತ್ಸು ಇನ್ನೊಬ್ಬರು. ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ದಾರಿ ಕಂಡುಕೊಂಡವರು. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅಣುಗಳಿಂದ ಫಾಸ್ಫೇಟನ್ನು ಕತ್ತರಿಸಿ ಬಿಡುತ್ತದೆ. ಗೊಮೊರಿ ಅಂಗಾಂಶದ ತೆಳು ಸೆಕ್ಷನ್ನನ್ನು ಗ್ಲಿಸರೋಫಾಸ್ಫೇಟ್ ಇರುವ ಕ್ಷಾರ ದ್ರಾವಣದಲ್ಲಿ ಇಟ್ಟರು, ಜೊತೆಗೆ ಕ್ಯಾಲ್ಸಿಯಂ ಬೆರೆಸಿದರು. ಬಿಡುಗಡೆಯಾದ ಫಾಸ್ಫೇಟನ್ನು ಕ್ಯಾಲ್ಸಿಯಂ ಅಲ್ಲಲ್ಲೇ ಹಿಡಿದು ಕರಗದ ಗಸಿಯಾಗಿ ಕೂರಿಸಿತು. ಆ ಗಸಿಗೆ ಬಣ್ಣವಿಲ್ಲ. ಕೋಬಾಲ್ಟ್ ಲವಣದಲ್ಲಿ ಅದ್ದಿದಾಗ ಕ್ಯಾಲ್ಸಿಯಂ ಜಾಗಕ್ಕೆ ಕೋಬಾಲ್ಟ್ ಬಂತು. ಕೊನೆಗೆ ಅಮೋನಿಯಂ ಸಲ್ಫೈಡ್ ಸೋಕಿಸಿದಾಗ ಅದು ಕೋಬಾಲ್ಟ್ ಸಲ್ಫೈಡ್ ಆಗಿ ಕಪ್ಪಗೆ ಕಂಡಿತು. ಕೊಳೆತ ಮೊಟ್ಟೆಯ ನಾತ ಹೊಡೆಯುವ ಆ ಅಮೋನಿಯಂ ಸಲ್ಫೈಡನ್ನು ನಾವು ಇವತ್ತಿಗೂ ಫ್ಯೂಮ್ ಹುಡ್ ಒಳಗಿಟ್ಟು ಬಳಸುತ್ತೇವೆ.

— ಹಾಗಾದರೆ ಕಪ್ಪು ಕಂಡಲ್ಲೆಲ್ಲ ಕಿಣ್ವ ಇದೆ ಎಂದು ನಂಬಬಹುದು.

— ಹಾಗೆ ನಂಬಿದವರು ಮುಗ್ಗರಿಸಿದರು. ಮೊದಲ ವರ್ಷಗಳಲ್ಲಿ ಜೀವಕೋಶದ ನ್ಯೂಕ್ಲಿಯಸ್ಸೂ ಕಪ್ಪಾಗುತ್ತಿತ್ತು. ಅಲ್ಲಿಯೂ ಫಾಸ್ಫಟೇಸ್ ಇದೆಯೆಂದು ಕೆಲವರು ಬರೆದರು. ಬೇರೆ ಕಡೆ ಬಿಡುಗಡೆಯಾದ ಫಾಸ್ಫೇಟ್ ಸರಿದು ಬಂದು ನ್ಯೂಕ್ಲಿಯಸ್‌ಗೆ ಅಂಟುತ್ತದೆ ಎಂಬುದು ಆಮೇಲೆ ತಿಳಿಯಿತು. ಅದಕ್ಕೇ ನಮ್ಮಲ್ಲಿ ಕಂಟ್ರೋಲ್ ಇಲ್ಲದ ಸ್ಲೈಡಿಗೆ ಬೆಲೆಯಿಲ್ಲ. ಸಬ್‌ಸ್ಟ್ರೇಟ್ ಹಾಕದೆ ಒಂದು ಸ್ಲೈಡ್ ಇಡುತ್ತೇವೆ, ಅದು ಬಣ್ಣ ತಾಳಕೂಡದು. ಆರೋಗ್ಯವಂತ ಸ್ನಾಯುವಿನ ಒಂದು ಸ್ಲೈಡನ್ನು ಅದೇ ಜಾಡಿಯಲ್ಲಿ, ಅದೇ ಹೊತ್ತಿನಲ್ಲಿ ಇಡುತ್ತೇವೆ, ಅದು ತಾಳಲೇಬೇಕು. ಇವೆರಡನ್ನೂ ನೋಡದೆ ರೋಗಿಯ ಸ್ಲೈಡಿನ ಬಗ್ಗೆ ಬಾಯಿ ಬಿಡುವ ಹಾಗಿಲ್ಲ.

— ನಾವು ಕಾಳನ್ನು ಹಾಗೇ ಸೀಳುತ್ತೇವೆ. ಮಾಂಸವನ್ನು ಹಸಿಯಾಗಿ ತೆಳ್ಳಗೆ ಕತ್ತರಿಸಲು ಬರುವುದಿಲ್ಲವಲ್ಲ.

— ಅದಕ್ಕೇ ಗಡ್ಡೆಗಟ್ಟಿಸಬೇಕು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅನೇಕ ಬಯಾಪ್ಸಿಗಳು ಕೆಡುವುದು ಈ ಹಂತದಲ್ಲೇ. ದ್ರವ ಸಾರಜನಕ ಮೈನಸ್ 196 ಡಿಗ್ರಿ. ಅದರೊಳಗೆ ನೇರವಾಗಿ ಅದ್ದಿದರೆ ಬೇಗ ಗಡ್ಡೆಯಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದು ಬೇರೆ. ಬಿಸಿ ಮಾಂಸ ತಾಗಿದೊಡನೆ ಸಾರಜನಕ ಕುದಿದು, ಮಾಂಸದ ಸುತ್ತ ಆವಿಯ ಹೊದಿಕೆ ಏಳುತ್ತದೆ. ಆ ಹೊದಿಕೆ ಶಾಖವನ್ನು ಬಿಟ್ಟುಕೊಡದು. ಒಳಗಿನ ನೀರು ನಿಧಾನವಾಗಿ ಹೆಪ್ಪುಗಟ್ಟಿ ಮಂಜಿನ ಹರಳುಗಳು ಬೆಳೆಯುತ್ತವೆ. ಸೆಕ್ಷನ್ ತೆಗೆದರೆ ಪ್ರತಿ ಸ್ನಾಯುತಂತುವಿನಲ್ಲೂ ತೂತು. ಅದನ್ನು ರೋಗ ಎಂದು ಓದಿಬಿಡುವ ಅಪಾಯವಿದೆ. ಆದ್ದರಿಂದ ಐಸೊಪೆಂಟೇನ್ ತುಂಬಿದ ಲೋಟವನ್ನು ಸಾರಜನಕದಲ್ಲಿ ಇಳಿಬಿಟ್ಟು ತಣಿಸುತ್ತೇವೆ. ಮೈನಸ್ 160 ಡಿಗ್ರಿಯ ಹತ್ತಿರ ಬಂದಾಗ ಲೋಟದ ತಳದಲ್ಲಿ ಐಸೊಪೆಂಟೇನ್ ಬೆಳ್ಳಗೆ ಗಟ್ಟಿಯಾಗತೊಡಗುತ್ತದೆ. ಅದು ಕಂಡಾಗ ಮಾಂಸವನ್ನು ಅದ್ದಬೇಕು, ಮೊದಲೂ ಅಲ್ಲ, ಬಹಳ ತಡವಾಗಿಯೂ ಅಲ್ಲ. ಐಸೊಪೆಂಟೇನ್ ಕುದಿಯುವುದಿಲ್ಲ, ಮಾಂಸವನ್ನು ಎಲ್ಲ ಕಡೆಯಿಂದ ಒಮ್ಮೆಗೇ ತಬ್ಬಿಕೊಳ್ಳುತ್ತದೆ, ಹರಳು ಬೆಳೆಯಲು ಪುರುಸೊತ್ತೇ ಸಿಗುವುದಿಲ್ಲ. ಆಮೇಲೆ ಮೈನಸ್ 20ರ ಆಸುಪಾಸಿನಲ್ಲಿರುವ ಕ್ರಯೋಸ್ಟ್ಯಾಟ್‌ನೊಳಗೆ 8ರಿಂದ 10 ಮೈಕ್ರಾನ್ ದಪ್ಪಕ್ಕೆ ಕತ್ತರಿಸುವುದು. ತಂತುಗಳು ಅಡ್ಡಡ್ಡ ಕತ್ತರಿಸಿ ಬರುವಂತೆ ಮಾಂಸವನ್ನು ಬಿರಡೆಯ ಮೇಲೆ ನೆಟ್ಟಗೆ ನಿಲ್ಲಿಸಿರಬೇಕು.

— ಗಡ್ಡೆಗಟ್ಟಿದ ಮೇಲೂ ಕಿಣ್ವ ದುಡಿಯುತ್ತದೆಯೇ?

— ದುಡಿಯುತ್ತದೆ. ಚಳಿ ಅದನ್ನು ನಿಲ್ಲಿಸಿಟ್ಟಿರುತ್ತದೆ, ಮುರಿದಿರುವುದಿಲ್ಲ. ಸ್ಲೈಡಿನ ಮೇಲೆ 37 ಡಿಗ್ರಿಗೆ ತಂದಾಗ ಮತ್ತೆ ಕೆಲಸಕ್ಕೆ ಹತ್ತುತ್ತದೆ. ಬದುಕಿರುವ ಮನುಷ್ಯನ ದೇಹದಿಂದ ಬೇರ್ಪಟ್ಟ ಚೂರು ವಾರಗಳ ನಂತರ ಗಾಜಿನ ಮೇಲೆ ತನ್ನ ರಾಸಾಯನಿಕ ಕೆಲಸವನ್ನು ಮಾಡಿ ತೋರಿಸುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ.

— ಸರಿ, ಸ್ನಾಯುವಿನಲ್ಲಿ ಏನನ್ನು ಹುಡುಕುತ್ತೀರಿ?

— ಮೊದಲು ಎಟಿಪಿಯೇಸ್. ಸ್ನಾಯು ಕುಗ್ಗುವಾಗ ಎಟಿಪಿ ಎಂಬ ಶಕ್ತಿಯ ಅಣುವನ್ನು ಒಡೆಯುವ ಚಟುವಟಿಕೆ ಇದು. ಗೊಮೊರಿಯ ಜಾಡಿನಲ್ಲೇ ಕ್ಯಾಲ್ಸಿಯಂ, ಕೋಬಾಲ್ಟ್, ಸಲ್ಫೈಡ್. ಪಿಎಚ್ 9.4ರಲ್ಲಿ ಮೊದಲು ನೆನೆಸಿದರೆ ಎರಡನೇ ಬಗೆಯ, ಎಂದರೆ ವೇಗದ ತಂತುಗಳು ಕಪ್ಪಾಗುತ್ತವೆ, ನಿಧಾನದ ಒಂದನೇ ಬಗೆಯವು ತಿಳಿಯಾಗಿ ಉಳಿಯುತ್ತವೆ. ಪಕ್ಕದ ಸೆಕ್ಷನ್ನನ್ನು 4.3ರಲ್ಲಿ ನೆನೆಸಿದರೆ ಎಲ್ಲ ತಲೆಕೆಳಗಾಗಿ ಒಂದನೆಯವು ಕಪ್ಪು, ಎರಡನೆಯವು ತಿಳಿ. ಆರೋಗ್ಯವಾದ ಸ್ನಾಯುವಿನಲ್ಲಿ ಎರಡೂ ಬಗೆ ಬೆರೆತು ಚದುರಂಗದ ಹಲಗೆಯಂತೆ ಕಾಣುತ್ತದೆ.

— ರೋಗದಲ್ಲಿ?

— ನರ ಸತ್ತು, ಪಕ್ಕದ ನರ ಕವಲೊಡೆದು ಅನಾಥ ತಂತುಗಳನ್ನು ತನ್ನದಾಗಿಸಿಕೊಂಡಾಗ ಆ ಬೆರಕೆ ಹೋಗಿ, ಕಪ್ಪು ಒಂದು ಕಡೆ, ತಿಳಿ ಇನ್ನೊಂದು ಕಡೆ ಗುಂಪಾಗುತ್ತವೆ. ತಂತುವಿನ ಬಗೆಯನ್ನು ನಿರ್ಧರಿಸುವುದು ಅದಕ್ಕೆ ಬಂದ ನರ. 1960ರಲ್ಲಿ ಬುಲ್ಲರ್, ಜಾನ್ ಎಕ್ಲ್ಸ್ ಮತ್ತು ಅವರ ಮಗಳು ರೋಸಮಂಡ್ ಬೆಕ್ಕುಗಳಲ್ಲಿ ವೇಗದ ಸ್ನಾಯುವಿನ ನರವನ್ನೂ ನಿಧಾನದ ಸ್ನಾಯುವಿನ ನರವನ್ನೂ ಅದಲು ಬದಲು ಮಾಡಿ ಹೊಲಿದಾಗ ಸ್ನಾಯುಗಳ ವೇಗವೂ ಬದಲಾಯಿತು. ಆದ್ದರಿಂದ ಗುಂಪು ಕಂಡರೆ ತೊಂದರೆ ಸ್ನಾಯುವಿನದಲ್ಲ, ನರದ್ದು ಎಂದು ಹೇಳಬಹುದು. ಸಾಮಾನ್ಯ ಬಣ್ಣದಲ್ಲಿ ಆ ತಂತುಗಳೆಲ್ಲ ಒಂದೇ ಗುಲಾಬಿ.

— ಅಂದರೆ ಕಣ್ಣಿಗೆ ಕಾಣದ ದೋಷವೂ ಇದರಲ್ಲಿ ಸಿಗುತ್ತದೆ.

— ಅದಕ್ಕೆ ಸೆಂಟ್ರಲ್ ಕೋರ್ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1956ರಲ್ಲಿ ಶೈ ಮತ್ತು ಮಗೀ ಒಂದು ಕುಟುಂಬದಲ್ಲಿ ಇದನ್ನು ವಿವರಿಸಿದರು. ಹುಟ್ಟಿನಿಂದಲೇ ಮಕ್ಕಳ ಮೈ ಸಡಿಲ, ನಡಿಗೆ ತಡ. 1960ರಲ್ಲಿ ಲಂಡನ್ನಿನ ಡುಬೊವಿಟ್ಸ್ ಮತ್ತು ಪಿಯರ್ಸ್ ಅಂಥ ಸ್ನಾಯುವಿಗೆ ಆಕ್ಸಿಡೇಟಿವ್ ಕಿಣ್ವಗಳ ಪರೀಕ್ಷೆ ಮಾಡಿದರು. ತಂತುವಿನ ಅಂಚು ದಟ್ಟ ನೀಲಿ, ನಡುವೆ ಒಂದು ದುಂಡನೆಯ ಬಿಳಿ ಜಾಗ. ಅಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಇಲ್ಲ, ಕಿಣ್ವದ ಕೆಲಸವೂ ಇಲ್ಲ. ಇಲ್ಲಿ ಬಳಸುವುದು ನಿಮ್ಮ ಟೆಟ್ರಜೋಲಿಯಂ ಕುಟುಂಬದ್ದೇ. ನಿಮ್ಮದು ಕೆಂಪು ಕೊಡುತ್ತದೆ, ನಮ್ಮ ನೈಟ್ರೋ ಬ್ಲೂ ಟೆಟ್ರಜೋಲಿಯಂ ನೀಲಿ ಕೊಡುತ್ತದೆ. ಕಿಣ್ವ ಕಿತ್ತುಕೊಟ್ಟ ಎಲೆಕ್ಟ್ರಾನನ್ನು ಸ್ವೀಕರಿಸಿ ಫಾರ್ಮಜಾನ್ ಎಂಬ ಕರಗದ ಬಣ್ಣವಾಗಿ ಕೂರುವುದು ಎರಡರ ಗುಣವೂ ಹೌದು.

— ಕೋರ್ ಇದೆ ಎಂದು ತಿಳಿದು ರೋಗಿಗೆ ಏನು ಪ್ರಯೋಜನ? ಔಷಧ ಇದೆಯೇ?

— ಕಾಯಿಲೆಯನ್ನು ಗುಣಪಡಿಸುವ ಔಷಧವಿಲ್ಲ. ಆದರೆ ಈ ಸ್ಲೈಡ್ ಜೀವ ಉಳಿಸಬಲ್ಲದು. ಬಹುಪಾಲು ಸೆಂಟ್ರಲ್ ಕೋರ್ ಕಾಯಿಲೆಗೆ ಆರ್‌ವೈಆರ್1 ಎಂಬ ಜೀನಿನ ದೋಷ ಕಾರಣ. ಅದೇ ಜೀನಿನ ದೋಷ ಇರುವವರಿಗೆ ಹ್ಯಾಲೋಥೇನ್‌ನಂಥ ಅರಿವಳಿಕೆ ಅನಿಲ ಅಥವಾ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಸ್ನಾಯುಗಳು ಸೆಟೆದು, ಮೈ ಕಾವು ಏರುತ್ತಾ ಹೋಗಬಹುದು. ತಕ್ಷಣ ಡ್ಯಾಂಟ್ರೊಲೀನ್ ಕೊಡದಿದ್ದರೆ ಸಾವೂ ಬರಬಹುದು. ಈ ಮಕ್ಕಳಿಗೆ ಸೊಂಟದ ಕೀಲು, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಬೇಕಾಗುವುದು ಸಾಮಾನ್ಯ. ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿದರೆ ಬೇರೆ ಔಷಧ ಆರಿಸುತ್ತಾರೆ. ನೀಲಿಯ ನಡುವಿನ ಆ ಬಿಳಿ ವೃತ್ತಕ್ಕೆ ಅಷ್ಟು ಬೆಲೆಯಿದೆ.

— ಬಣ್ಣ ಪೂರ್ತಿ ಬಾರದಿರುವುದೇ ಉತ್ತರವಾಗುವ ರೋಗವೂ ಉಂಟೇ?

— ಮ್ಯಾಕಾರ್ಡಲ್ ಕಾಯಿಲೆ. 1951ರಲ್ಲಿ ಲಂಡನ್ನಿನ ಬ್ರಯನ್ ಮ್ಯಾಕಾರ್ಡಲ್ ಒಬ್ಬ ಯುವಕನನ್ನು ಪರೀಕ್ಷಿಸಿದರು. ಚೂರು ದುಡಿದರೂ ಸ್ನಾಯು ನೋವು, ಸೆಡೆತ. ದುಡಿದ ಮೇಲೆ ಎಲ್ಲರ ರಕ್ತದಲ್ಲೂ ಏರುವ ಲ್ಯಾಕ್ಟೇಟ್ ಇವನಲ್ಲಿ ಏರಲಿಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೊಜನ್ ಒಡೆಯುತ್ತಿಲ್ಲ ಎಂದು ಅವರು ಸರಿಯಾಗಿ ಊಹಿಸಿದರು. ಇಲ್ಲದಿರುವ ಕಿಣ್ವ ಫಾಸ್ಫೊರಿಲೇಸ್ ಎಂದು 1959ರಲ್ಲಿ ತಿಳಿಯಿತು. ಇದರ ಪರೀಕ್ಷೆಯ ಚೆಲುವು ನೋಡಿ. ದೇಹದೊಳಗೆ ಈ ಕಿಣ್ವ ಗ್ಲೈಕೊಜನನ್ನು ಒಡೆಯುತ್ತದೆ. ಸ್ಲೈಡಿನ ಮೇಲೆ ಗ್ಲೂಕೋಸ್-1-ಫಾಸ್ಫೇಟನ್ನು ಧಾರಾಳವಾಗಿ ಕೊಟ್ಟರೆ ಅದೇ ಕಿಣ್ವ ಹಿಮ್ಮುಖವಾಗಿ ನಡೆದು ಸಕ್ಕರೆಯ ಉದ್ದ ಸರಪಳಿ ಕಟ್ಟುತ್ತದೆ. ಆ ಹಿಮ್ಮುಖ ನಡೆಯನ್ನು ತೋರಿಸಿದವರು ಕಾರ್ಲ್ ಮತ್ತು ಗರ್ಟಿ ಕೋರಿ, 1947ರ ನೊಬೆಲ್ ಪಡೆದ ದಂಪತಿ. ಕಟ್ಟಿದ ಸರಪಳಿಗೆ ಅಯೋಡಿನ್ ಹಾಕುತ್ತೇವೆ.

— ಅಯೋಡಿನ್! ಶಾಲೆಯಲ್ಲಿ ಆಲೂಗಡ್ಡೆಗೆ ಹಾಕುತ್ತಿದ್ದದ್ದು.

— ಅದೇ. ಫ್ರಾನ್ಸಿನ ರಸ್ಪೈ 1825ರಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಅಯೋಡಿನ್ ಹಾಕಿ ಸಸ್ಯಗಳಲ್ಲಿ ಪಿಷ್ಟ ತೋರಿಸಿದ್ದರು. ಆರೋಗ್ಯವಂತ ಸ್ನಾಯು ಕಡು ನೇರಳೆಯಾಗುತ್ತದೆ. ಮ್ಯಾಕಾರ್ಡಲ್ ರೋಗಿಯ ತಂತುಗಳು ಅಯೋಡಿನ್ನಿನ ಮಾಸಲು ಹಳದಿಯಲ್ಲೇ ಉಳಿಯುತ್ತವೆ. ಆದರೆ ಅದೇ ಸ್ಲೈಡಿನಲ್ಲಿ ತಂತುಗಳ ನಡುವೆ ಹಾದುಹೋಗುವ ಪುಟ್ಟ ರಕ್ತನಾಳದ ಗೋಡೆ ನೇರಳೆಯಾಗಿರುತ್ತದೆ. ನಾಳದ ಗೋಡೆಯ ಸ್ನಾಯುವಿನ ಫಾಸ್ಫೊರಿಲೇಸ್ ಬೇರೆ ಜೀನಿನಿಂದ ಬಂದದ್ದು, ಅದಕ್ಕೆ ದೋಷವಿಲ್ಲ. ನಾಳ ಬಣ್ಣ ತಾಳಿದೆ ಎಂದರೆ ನನ್ನ ದ್ರಾವಣ ಸರಿಯಿತ್ತು, ಇನ್‌ಕ್ಯುಬೇಷನ್ ಸರಿಯಿತ್ತು, ತಂತುಗಳಲ್ಲಿ ಕಿಣ್ವ ಇಲ್ಲದಿರುವುದು ನಿಜ. ರೋಗಿಯ ಸ್ಲೈಡೇ ತನ್ನ ಕಂಟ್ರೋಲನ್ನು ಒಳಗೆ ಹೊತ್ತು ತಂದಿರುತ್ತದೆ. ಈ ಬಣ್ಣ ಬಹಳ ಬೇಗ ಮಾಸುವುದರಿಂದ ಕೂಡಲೇ ಫೋಟೋ ತೆಗೆದಿಡಬೇಕು.

— ನಿಮ್ಹಾನ್ಸ್‌ನಂಥ ಕಡೆ ಮೈಟೊಕಾಂಡ್ರಿಯದ ಕಾಯಿಲೆಗಳಿಗೂ ಇಂಥ ಪರೀಕ್ಷೆ ಮಾಡುತ್ತಾರಲ್ಲವೇ?

— ಹೌದು, ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋಪೆಥಾಲಜಿ ವಿಭಾಗದಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ, ಅಲ್ಲಿಂದ ಮೈಟೊಕಾಂಡ್ರಿಯದ ಕಾಯಿಲೆಗಳ ಬಗ್ಗೆ ಸಾಕಷ್ಟು ಅಧ್ಯಯನಗಳೂ ಬಂದಿವೆ. ಇವುಗಳಿಗೆ ಎರಡು ಕಿಣ್ವಗಳನ್ನು ಒಂದೇ ಸ್ಲೈಡಿನಲ್ಲಿ ನೋಡುತ್ತೇವೆ. ಸೈಟೊಕ್ರೋಮ್ ಆಕ್ಸಿಡೇಸ್ ಒಂದು, ನಮ್ಮ ಬಾಯಲ್ಲಿ ಕಾಕ್ಸ್. ಸಕ್ಸಿನೇಟ್ ಡಿಹೈಡ್ರೋಜಿನೇಸ್ ಇನ್ನೊಂದು, ಎಸ್‌ಡಿಎಚ್. ಕಾಕ್ಸ್‌ನ ಮೂರು ಮುಖ್ಯ ತುಣುಕುಗಳ ಜೀನ್ ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿದೆ. ಎಸ್‌ಡಿಎಚ್‌ನ ನಾಲ್ಕೂ ತುಣುಕುಗಳ ಜೀನ್ ನ್ಯೂಕ್ಲಿಯಸ್‌ನಲ್ಲಿದೆ. ಮೈಟೊಕಾಂಡ್ರಿಯದ ಡಿಎನ್‌ಎ ಕೆಟ್ಟರೆ ಕಾಕ್ಸ್ ಸೋಲುತ್ತದೆ, ಎಸ್‌ಡಿಎಚ್ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಕಾಕ್ಸ್ ಪರೀಕ್ಷೆ, ಅದು ಕಂದು ಕೊಡುತ್ತದೆ. ಅದರ ಮೇಲೆ ಎಸ್‌ಡಿಎಚ್, ಅದು ನೀಲಿ. ಕಾಕ್ಸ್ ದುಡಿದ ತಂತುಗಳಲ್ಲಿ ಕಂದು ತುಂಬಿ ನೀಲಿ ಎದ್ದು ಕಾಣುವುದಿಲ್ಲ. ಕಾಕ್ಸ್ ಸೋತ ತಂತು ಮಾತ್ರ ಕಂದು ಬಯಲಿನ ನಡುವೆ ಅಚ್ಚ ನೀಲಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಕಣ್ಣುರೆಪ್ಪೆ ಜೋತುಬಿದ್ದು, ಕಣ್ಣುಗುಡ್ಡೆ ಹೊರಳಿಸಲಾಗದೆ, ಬೇಗ ದಣಿಯುವ ರೋಗಿಯ ಸ್ಲೈಡಿನಲ್ಲಿ ಅಂಥ ನೀಲಿ ತಂತುಗಳು ಅಲ್ಲಲ್ಲಿ ಚೆಲ್ಲಿರುತ್ತವೆ. ಒಂದು ಎಚ್ಚರಿಕೆ ಇದೆ. ವಯಸ್ಸಾದವರ ಆರೋಗ್ಯವಾದ ಸ್ನಾಯುವಿನಲ್ಲೂ ಒಂದೆರಡು ನೀಲಿ ತಂತು ಸಿಗುತ್ತವೆ. ರೋಗಿಯ ವಯಸ್ಸು ತಿಳಿಯದೆ ಎಣಿಸಿ ಫಲವಿಲ್ಲ.

— ಎಲ್ಲ ತಂತುಗಳೂ ಯಾಕೆ ನೀಲಿಯಾಗುವುದಿಲ್ಲ? ಒಂದೇ ಮನುಷ್ಯ, ಒಂದೇ ರೋಗ.

— ಒಂದು ಜೀವಕೋಶದಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎಯ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಕೆಲವು ಕೆಟ್ಟವು, ಉಳಿದವು ಒಳ್ಳೆಯವು. ಕೆಟ್ಟವುಗಳ ಪಾಲು ಒಂದು ಮಿತಿ ದಾಟುವವರೆಗೂ ಜೀವಕೋಶ ಸಂಭಾಳಿಸಿಕೊಂಡು ಹೋಗುತ್ತದೆ. ದಾಟಿದ ತಂತು ನೀಲಿ, ದಾಟದ್ದು ಕಂದು. ಒಂದೇ ತಂತುವಿನ ಒಂದು ಭಾಗ ನೀಲಿ, ಮುಂದಿನ ಭಾಗ ಕಂದು ಇರುವುದೂ ಉಂಟು. ಸ್ನಾಯುವನ್ನು ಅರೆದು ಕಿಣ್ವದ ಒಟ್ಟು ಪ್ರಮಾಣ ಅಳೆದರೆ ಸರಾಸರಿ ಸಿಗುತ್ತದೆ, ಚದುರಿದ ನಾಲ್ಕು ನೀಲಿ ತಂತುಗಳು ಆ ಸರಾಸರಿಯಲ್ಲಿ ಮುಳುಗಿಹೋಗುತ್ತವೆ. ಯಾವ ಜೀವಕೋಶ ಸೋತಿದೆ ಎಂದು ಬೆರಳಿಟ್ಟು ತೋರಿಸುವುದು ಸೆಕ್ಷನ್ ಮಾತ್ರ.

— ಈಗ ರಕ್ತದಿಂದಲೇ ಜೀನ್ ಓದುತ್ತಾರಲ್ಲ. ಮಾಂಸ ಕತ್ತರಿಸುವ ಈ ನೋವು ಬೇಕೇ?

— ಅನೇಕರಿಗೆ ಬೇಕಿಲ್ಲ, ನಾನೂ ಒಪ್ಪುತ್ತೇನೆ. ಮಕ್ಕಳಲ್ಲಿ ಮೊದಲು ಜೀನ್ ಪರೀಕ್ಷೆ ಮಾಡುವುದೇ ಸರಿ. ಆದರೆ ರಕ್ತ ಎಲ್ಲವನ್ನೂ ಹೇಳುವುದಿಲ್ಲ. 1988ರಲ್ಲಿ ಲಂಡನ್ನಿನ ಹೋಲ್ಟ್, ಹಾರ್ಡಿಂಗ್ ಮತ್ತು ಮಾರ್ಗನ್-ಹ್ಯೂಸ್ ಮೈಟೊಕಾಂಡ್ರಿಯದ ಡಿಎನ್‌ಎಯ ಒಂದು ತುಂಡು ಕಳೆದುಹೋಗಿರುವುದನ್ನು ಕಂಡದ್ದು ರೋಗಿಗಳ ಸ್ನಾಯುವಿನಲ್ಲಿ. ದೊಡ್ಡವರಲ್ಲಿ ಅಂಥ ದೋಷ ರಕ್ತದಲ್ಲಿ ಸಿಗದೆ ಸ್ನಾಯುವಿನಲ್ಲಿ ಮಾತ್ರ ಸಿಗುವುದು ಇವತ್ತಿಗೂ ಇದೆ. ಇನ್ನೊಂದು, ಜೀನ್ ವರದಿಯಲ್ಲಿ ‘ಮಹತ್ವ ಅನಿಶ್ಚಿತ’ ಎಂದು ಬರೆದು ಕೈಬಿಟ್ಟ ವ್ಯತ್ಯಾಸಗಳು ಬರುತ್ತಲೇ ಇರುತ್ತವೆ. ತಂದೆ ತಾಯಿ ಆ ಕಾಗದ ಹಿಡಿದು ಏನು ಮಾಡಬೇಕು? ಆ ಅಕ್ಷರ ಬದಲಾದದ್ದರಿಂದ ಕಿಣ್ವ ನಿಜವಾಗಿ ನಿಂತಿದೆಯೇ ಎಂದು ಕೇಳಬೇಕಾದದ್ದು ಕಿಣ್ವವನ್ನೇ. ಆಂಟಿಬಾಡಿ ಹಾಕುವ ಪರೀಕ್ಷೆಗೂ ಇದೇ ಮಿತಿ. ಪ್ರೋಟೀನ್ ಹಾಜರಿದೆಯೇ ಎಂದು ಅದು ಹೇಳೀತು, ದುಡಿಯುತ್ತಿದೆಯೇ ಎಂದು ಹೇಳದು. ಇಷ್ಟು ಉಪಯೋಗವಿರುವ ಕೈಕೆಲಸವನ್ನು ಹಳೆಯದು ಎಂದು ಬದಿಗಿಟ್ಟರೆ ನಷ್ಟ ರೋಗಿಗಳದ್ದು.

— ಸ್ನಾಯು ಬಿಟ್ಟರೆ ಬೇರೆಲ್ಲಿ ಬಳಕೆಯಲ್ಲಿದೆ?

— ನವಜಾತ ಶಿಶುಗಳಲ್ಲಿ. ಹುಟ್ಟಿದ ಮಗು ಎರಡು ದಿನವಾದರೂ ಮಲ ವಿಸರ್ಜಿಸದೆ ಹೊಟ್ಟೆ ಉಬ್ಬಿದರೆ ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಅನುಮಾನ. ಸುಮಾರು 5,000 ಹೆರಿಗೆಗೆ ಒಂದು ಮಗುವಿನಲ್ಲಿ ಇದು ಕಾಣುತ್ತದೆ. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಬೆಳೆದಿರುವುದಿಲ್ಲ. ಗುದನಾಳದ ಒಳಪದರದಿಂದ ಚಿಟಿಕೆಯಷ್ಟು ಅಂಗಾಂಶ ತೆಗೆದು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಬಣ್ಣ ಹೆಚ್ಚಾಗುವುದೇ ರೋಗದ ಗುರುತು. ನರಕೋಶ ಇಲ್ಲದ ಕಡೆ ಹೊರಗಿನಿಂದ ಬಂದ ನರದ ಎಳೆಗಳು ದಪ್ಪಗೆ ಬೆಳೆದು, ಒಳಪದರದ ತುಂಬ ಕಂದು ಎಳೆಗಳಾಗಿ ಹರಡಿರುತ್ತವೆ. ಈಗ ಕಾಲ್‌ರೆಟಿನಿನ್ ಆಂಟಿಬಾಡಿ ಫಾರ್ಮಲಿನ್ ಅಂಗಾಂಶದಲ್ಲೇ ನಡೆಯುವುದರಿಂದ ಬಹಳ ಕಡೆ ಅದು ಬಂದಿದೆ. ಅನುಕೂಲ ಇರುವ ಕಡೆ ಎರಡನ್ನೂ ಮಾಡುತ್ತಾರೆ.

— ಫಾರ್ಮಲಿನ್ ಎಂದಿರಿ. ನಮ್ಮ ಜಿಲ್ಲೆಯ ಕಡೆ ಯಾವ ಬಯಾಪ್ಸಿ ತೆಗೆದರೂ ಮೊದಲು ಫಾರ್ಮಲಿನ್ ಬಾಟಲಿಗೇ ಹಾಕುತ್ತಾರೆ.

— ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತದೆ. ನಿಮ್ಮ ಬೇಯಿಸಿದ ಕಾಳಿಗೆ ಆದದ್ದೇ ಈ ಮಾಂಸಕ್ಕೂ ಆಗುತ್ತದೆ. ಕೆಲವು ಗಟ್ಟಿ ಕಿಣ್ವಗಳು ತಾಳಿಕೊಂಡರೂ ಸ್ನಾಯುವಿಗೆ ಬೇಕಾದ ಕಾಕ್ಸ್, ಎಸ್‌ಡಿಎಚ್, ಫಾಸ್ಫೊರಿಲೇಸ್ ತಾಳುವುದಿಲ್ಲ. ದೂರದಿಂದ ಬಂದ ರೋಗಿಯ ಮಾಂಸ ಫಾರ್ಮಲಿನ್ ಬಾಟಲಿಯಲ್ಲಿ ತೇಲುತ್ತಾ ಬಂದರೆ ಮತ್ತೆ ಬಯಾಪ್ಸಿ ಮಾಡಿ ಎಂದು ಬರೆಯುವುದಲ್ಲದೆ ಬೇರೆ ದಾರಿಯಿಲ್ಲ. ಅದು ಒಂದು ಮಗುವಿಗೆ ಎರಡನೇ ಗಾಯ.

— ಹಾಗಾದರೆ ಕಳಿಸುವವರು ಏನು ಮಾಡಬೇಕು?

— ದುಬಾರಿ ಸಲಕರಣೆ ಏನೂ ಬೇಡ. ಕತ್ತರಿಸುವ ಮುಂಚೆಯೇ ಲ್ಯಾಬಿಗೆ ಫೋನ್ ಮಾಡಿ ದಿನ, ಹೊತ್ತು ಹೇಳಿ. ಮಾಂಸವನ್ನು ಸಲೈನ್‌ನಲ್ಲಿ ತೇಲಿಬಿಡಬೇಡಿ. ಸಲೈನ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಒಣ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಂಜುಗಡ್ಡೆಯ ಮೇಲೆ ಇಡಿ. ಮಾಂಸಕ್ಕೆ ಮಂಜುಗಡ್ಡೆ ನೇರವಾಗಿ ತಾಗಬಾರದು, ಫ್ರೀಜರ್‌ಗೆ ಹಾಕಬಾರದು, ನಿಧಾನವಾಗಿ ಗಡ್ಡೆಯಾದರೆ ಹರಳು ಬೆಳೆಯುತ್ತದೆ. ಕೆಲವೇ ಗಂಟೆಗಳಲ್ಲಿ ತಲುಪಿಸಿ. ತಲುಪಿಸಲು ಆಗದಷ್ಟು ದೂರವಿದ್ದರೆ ಬಯಾಪ್ಸಿಯನ್ನೇ ಅಲ್ಲಿ ಮಾಡಬೇಡಿ, ರೋಗಿಯನ್ನು ಲ್ಯಾಬ್ ಇರುವ ಊರಿಗೆ ಕಳಿಸಿ. ರೋಗಿಯ ಮನೆಯವರಲ್ಲೂ ನನ್ನ ವಿನಂತಿ ಇದೆ. ಸ್ನಾಯು ಬಯಾಪ್ಸಿಗೆ ಸಹಿ ಹಾಕುವ ಮುನ್ನ ಡಾಕ್ಟರನ್ನು ಕೇಳಿ, ಇದನ್ನು ಯಾವ ಲ್ಯಾಬಿಗೆ ಕಳಿಸುತ್ತೀರಿ, ಒಂದು ಚೂರನ್ನಾದರೂ ಫಾರ್ಮಲಿನ್ ಹಾಕದೆ ಹಸಿಯಾಗಿ ಕಳಿಸುತ್ತೀರಾ?